ಅಂತಿಗೊನೆಯ ಮಾತು, ನಿಯೇರಾಳ ಮೌನ

ಮುಂಬಯಿಯ ಗ್ರಾಂಟ್ ರೋಡಿನಲ್ಲಿ 1846ರಲ್ಲಿ ಒಂದು ನಾಟಕಶಾಲೆ ತೆರೆಯಿತು. ಜಗನ್ನಾಥ ಶಂಕರಶೇಟರು ಕೊಟ್ಟ ಜಾಗದಲ್ಲಿ ಎದ್ದ ಆ ರಂಗಮಂದಿರದಲ್ಲಿ ಮೊದಮೊದಲು ನಡೆದದ್ದು ಇಂಗ್ಲಿಷ್ ನಾಟಕಗಳು. 1853ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆಯವರ ಮಂಡಳಿ ಅಲ್ಲಿಗೆ ಬಂದು ಪೌರಾಣಿಕ ನಾಟಕಗಳನ್ನು ಆಡಿತು. ಅದೇ ವರ್ಷ ಪಾರಸಿ ನಾಟಕ ಮಂಡಳಿಯೂ ಅದೇ ರಂಗವನ್ನೇರಿತು. ಭಾವೆಯವರ ಆಟದ ಬೇರು ನಮ್ಮ ಕಡೆಯದು. ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳವೊಂದು 1842ರಲ್ಲಿ ಸಾಂಗ್ಲಿಯಲ್ಲಿ ಆಡಿ ತೋರಿಸಿತ್ತು. ಅದನ್ನು ಕಂಡ ಅಲ್ಲಿನ ಸಂಸ್ಥಾನಿಕರು ಮರಾಠಿಯಲ್ಲೂ ಅಂಥದ್ದೊಂದು ಆಗಲಿ ಎಂದು ಬಯಸಿದ್ದರಿಂದ ಮರುವರ್ಷ ‘ಸೀತಾ ಸ್ವಯಂವರ’ ಹುಟ್ಟಿತು. ಕರ್ಕಿಯ ಮೇಳದಲ್ಲಾಗಲಿ, ಸಾಂಗ್ಲಿಯ ಅರಮನೆಯಲ್ಲಾಗಲಿ, ಗ್ರಾಂಟ್ ರೋಡಿನ ದೀಪಗಳ ಮುಂದಾಗಲಿ ಹೆಣ್ಣಾಗಿ ನಿಂತವರು ಗಂಡಸರೇ.

ಮುಂದಿನ ಐವತ್ತು ವರ್ಷಗಳಲ್ಲಿ ಗ್ರಾಂಟ್ ರೋಡ್, ಫಾಕ್‌ಲೆಂಡ್ ರೋಡ್ ಸುತ್ತಮುತ್ತ ಸಾಲು ಸಾಲು ನಾಟಕಶಾಲೆಗಳು ಎದ್ದವು. ಆ ಭಾಗವನ್ನು ಜನ ಇಂದಿಗೂ ಪೀಲಾ ಹೌಸ್ ಎನ್ನುತ್ತಾರೆ. ಅದೇ ಗಲ್ಲಿಗಳಲ್ಲಿ, ಕಾಮಾಟಿಪುರದಲ್ಲಿ, ಮೈಮಾರುವ ಹೆಂಗಸರ ಕೋಣೆಗಳೂ ಬೆಳೆದವು. ಒಳಗೆ ದ್ರೌಪದಿಯ ಮಾನಭಂಗಕ್ಕೆ ಕಣ್ಣೀರು ಸುರಿಸಿದ ಪ್ರೇಕ್ಷಕ ಹೊರಗೆ ಬಂದು ಕಾಣುತ್ತಿದ್ದದ್ದು ಜೀವಂತ ಹೆಣ್ಣುಗಳನ್ನು. ಅವರ ಕಥೆಯನ್ನು ಅವರ ಬಾಯಿಂದ ಕೇಳುವ ಏರ್ಪಾಡು ಊರಿನಲ್ಲಿ ಎಲ್ಲಿಯೂ ಇರಲಿಲ್ಲ.

ಪ್ರಾಚೀನ ಗ್ರೀಸಿನಲ್ಲಿ ಹೆಣ್ಣಿನ ಸ್ಥಾನ ಏನಿತ್ತು ಎಂಬ ಪ್ರಶ್ನೆಗೆ ನಾನು ಈ ಬೀದಿಯಿಂದ ಹೊರಡುವುದಕ್ಕೆ ಕಾರಣವಿದೆ. ಗ್ರೀಕರ ನಾಟಕಗಳನ್ನು ಓದಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಅರಸನ ಆಜ್ಞೆಯನ್ನು ಮೀರಿ ನಿಂತ ಅಂತಿಗೊನೆ, ಮೀಡಿಯಾರಂಥ ಹೆಣ್ಣುಗಳನ್ನು ಸೃಷ್ಟಿಸಿದ ಸಮಾಜ ಹೆಣ್ಣನ್ನು ಗೌರವಿಸಿರಲೇಬೇಕು ಎಂಬುದು ಒಂದು. ಪ್ಯಾಂಡೊರಾಳ ಕಥೆ ಕಟ್ಟಿ ಲೋಕದ ಕೇಡಿಗೆಲ್ಲ ಹೆಣ್ಣನ್ನೇ ಹೊಣೆ ಮಾಡಿದ ಹೀಸಿಯಡ್, ಹೆಂಗಸರನ್ನು ಹಂದಿ, ನರಿ, ನಾಯಿಗಳಿಂದ ಹುಟ್ಟಿದವರೆಂದು ವರ್ಗೀಕರಿಸಿದ ಸೆಮೊನಿಡಿಸ್, ಇವರನ್ನು ಮುಂದಿಟ್ಟು ಗ್ರೀಕರು ಹೆಣ್ಣುದ್ವೇಷಿಗಳು ಎಂದುಬಿಡುವುದು ಇನ್ನೊಂದು. ಎರಡೂ ತೀರ್ಮಾನಗಳು ಸಾಹಿತ್ಯವನ್ನು ಓದಿ ಸಮಾಜವನ್ನು ಊಹಿಸುತ್ತವೆ. ಒಂದು ಸಮಾಜ ಹೆಣ್ಣನ್ನು ಹೇಗೆ ಕಂಡಿತು ಎಂದು ತಿಳಿಯಲು ನೋಡಬೇಕಾದದ್ದು ಅದರ ನ್ಯಾಯಸ್ಥಾನವನ್ನು, ಆಸ್ತಿಯ ಲೆಕ್ಕವನ್ನು, ಮಕ್ಕಳ ಹುಟ್ಟನ್ನು ಬರೆದಿಡುವ ಪಟ್ಟಿಯನ್ನು. ಅಲ್ಲಿ ಅವಳು ತನ್ನ ಬಾಯಿಂದ ಆಡಿದ ಮಾತಿಗೆ ಬೆಲೆಯಿತ್ತೇ? ಈ ಪ್ರಶ್ನೆಯನ್ನು ಅಥೆನ್ಸಿಗೂ ಕೇಳಬೇಕು, ಗ್ರಾಂಟ್ ರೋಡಿಗೂ ಕೇಳಬೇಕು.

ಮೊದಲು ಅಥೆನ್ಸಿನ ರಂಗ. ಕ್ರಿ.ಪೂ. 431ರ ವಸಂತದ ಉತ್ಸವದಲ್ಲಿ ಯೂರಿಪಿಡಿಸನ ‘ಮೀಡಿಯಾ’ ಪ್ರದರ್ಶನವಾಯಿತು. ಗಂಡನಿಂದ ತೊರೆಯಲ್ಪಟ್ಟ ಪರದೇಶಿ ಹೆಣ್ಣು ಅಲ್ಲಿ ಹೆಂಗಸರ ಬಾಳನ್ನು ಬಿಡಿಸಿ ಹೇಳುತ್ತಾಳೆ. ವರದಕ್ಷಿಣೆ ಕೊಟ್ಟು ತನ್ನ ಮೈಗೆ ಒಬ್ಬ ಒಡೆಯನನ್ನು ಕೊಳ್ಳಬೇಕಾದ ಅವಸ್ಥೆ, ಗಂಡ ಕೆಟ್ಟವನಾದರೆ ಬಿಟ್ಟು ಬರಲಾಗದ ಕಟ್ಟು, ಹೆರಿಗೆಯ ಸಂಕಟ. ಒಮ್ಮೆ ಹೆರುವುದಕ್ಕಿಂತ ಮೂರು ಸಲ ಯುದ್ಧದ ಸಾಲಿನಲ್ಲಿ ನಿಲ್ಲುವುದೇ ಮೇಲು ಎಂಬಲ್ಲಿಗೆ ಅವಳ ಮಾತು ಮುಟ್ಟುತ್ತದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಈ ಮಾತು ಇಂದಿಗೂ ಸುಡುತ್ತದೆ. ಆದರೆ ಅದನ್ನು ಬರೆದವನು ಗಂಡಸು. ಮುಖವಾಡ ತೊಟ್ಟು ಆಡಿದವನು ಗಂಡಸು. ಸುತ್ತ ನಿಂತು ಹಾಡಿದ ಮೇಳದ ಕೊರಿಂಥದ ಹೆಂಗಸರೆಲ್ಲ ಗಂಡಸರು. ಬಹುಮಾನ ಕೊಟ್ಟ ತೀರ್ಪುಗಾರರೂ ಗಂಡಸರು. ಪ್ರೇಕ್ಷಕರ ನಡುವೆ ಹೆಂಗಸರು ಕೂತಿದ್ದರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಈ ಚರ್ಚೆಯೇ ಸಾಕಷ್ಟು ಹೇಳುತ್ತದೆ. ಅವರು ಅಲ್ಲಿದ್ದರೂ ಲೆಕ್ಕಕ್ಕೆ ಇರಲಿಲ್ಲ.

ಅದೇ ಊರಿನಲ್ಲಿ ಗೃಹಿಣಿಯ ಬದುಕು ಹೇಗಿತ್ತು? ಹದಿನಾಲ್ಕು ಹದಿನೈದಕ್ಕೆ ಮದುವೆ. ಹುಟ್ಟಿದಂದಿನಿಂದ ಸಾಯುವ ತನಕ ಅವಳ ಪರವಾಗಿ ವ್ಯವಹರಿಸಲು ತಂದೆ, ಗಂಡ, ಮಗ, ಇವರಲ್ಲಿ ಒಬ್ಬ ಯಜಮಾನ. ಒಂದು ಮೆಡಿಮ್ನಸ್ ಬಾರ್ಲಿಯ ಬೆಲೆಗಿಂತ, ಅಂದರೆ ಒಂದು ಕುಟುಂಬ ಕೆಲವು ದಿನ ಉಣ್ಣುವಷ್ಟು ಧಾನ್ಯದ ಬೆಲೆಗಿಂತ, ಹೆಚ್ಚಿನ ವ್ಯವಹಾರವನ್ನು ಅವಳು ತಾನಾಗಿ ಮಾಡುವಂತಿರಲಿಲ್ಲ. ಗಂಡುಮಕ್ಕಳಿಲ್ಲದ ತಂದೆ ಸತ್ತರೆ ಮಗಳು ಆಸ್ತಿಯ ಒಡತಿಯಾಗುತ್ತಿರಲಿಲ್ಲ, ಆಸ್ತಿಯ ಜೊತೆಗೆ ಹೋಗುವವಳಾಗುತ್ತಿದ್ದಳು. ತಂದೆಯ ಕಡೆಯ ಹತ್ತಿರದ ದಾಯಾದಿ ಅವಳನ್ನು ಮದುವೆಯಾಗುವ ಹಕ್ಕು ಪಡೆಯುತ್ತಿದ್ದ. ಯುದ್ಧದಲ್ಲಿ ಮಡಿದವರ ಸ್ಮರಣೆಯ ಭಾಷಣದಲ್ಲಿ ಅಥೆನ್ಸಿನ ನಾಯಕ ಪೆರಿಕ್ಲಿಸ್ ವಿಧವೆಯರಿಗೆ ಹೇಳಿದ ಬುದ್ಧಿಮಾತನ್ನು ಇತಿಹಾಸಕಾರ ಥುಸಿಡಿಡಿಸ್ ದಾಖಲಿಸಿದ್ದಾನೆ. ಹೊಗಳಿಕೆಗಾಗಲಿ ತೆಗಳಿಕೆಗಾಗಲಿ ಗಂಡಸರ ಬಾಯಲ್ಲಿ ಆದಷ್ಟೂ ಕಡಿಮೆ ಬರುವುದೇ ಹೆಣ್ಣಿನ ಕೀರ್ತಿ ಎಂಬುದು ಅದರ ಸಾರ. ನ್ಯಾಯಾಲಯದಲ್ಲೂ ಇದೇ ರೂಢಿ. ಮಾನವಂತ ಮನೆಯ ಹೆಂಗಸಿನ ಹೆಸರನ್ನು ಹಿಡಿದು ಹೇಳದೆ, ಇಂಥವನ ಹೆಂಡತಿ, ಇಂಥವನ ಮಗಳು ಎಂದೇ ಕರೆಯುತ್ತಿದ್ದರು.

ಹಾಗಾದರೆ ಯಾರ ಹೆಸರನ್ನು ಹೇಳುತ್ತಿದ್ದರು? ನಿಯೇರಾಳಂಥವರ ಹೆಸರನ್ನು.

ಕ್ರಿ.ಪೂ. 340ರ ಆಸುಪಾಸಿನಲ್ಲಿ ಅಥೆನ್ಸಿನ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆಯೊಂದರ ಭಾಷಣ ಡೆಮಾಸ್ತನಿಸನ ಕೃತಿಗಳ ಜೊತೆ ಸೇರಿ ಉಳಿದು ಬಂದಿದೆ. ಮಾತಾಡಿದವನು ಅಪೊಲೊಡೊರಸ್. ಅವನಿಗೆ ಹಗೆ ಇದ್ದದ್ದು ಸ್ಟೆಫನಸ್ ಎಂಬ ರಾಜಕೀಯ ಎದುರಾಳಿಯ ಮೇಲೆ. ಆದರೆ ಕಟಕಟೆಗೆ ಎಳೆದದ್ದು ಅವನ ಜೊತೆ ಬಾಳುತ್ತಿದ್ದ, ನಡುವಯಸ್ಸು ದಾಟಿದ ನಿಯೇರಾಳನ್ನು. ಆ ಭಾಷಣ ಹೇಳುವ ಪ್ರಕಾರ, ಕೊರಿಂಥದ ನಿಕಾರೆಟೆ ಎಂಬ ಘರ್ವಾಲಿ, ಅಂದರೆ ಸೂಳೆಮನೆಯ ಒಡತಿ, ಎಳೆಯ ಹೆಣ್ಣುಮಕ್ಕಳನ್ನು ಕೊಂಡು ಸಾಕಿ ದಂಧೆಗೆ ಇಳಿಸಿದಳು. ಆ ಏಳು ಮಕ್ಕಳಲ್ಲಿ ನಿಯೇರಾ ಒಬ್ಬಳು. ಮುಂದೆ ಇಬ್ಬರು ಗಿರಾಕಿಗಳು ಮೂವತ್ತು ಮಿನಾ ಕೊಟ್ಟು ಅವಳನ್ನು ಪೂರ್ತಿಯಾಗಿ ಕೊಂಡರು. ಅವರಿಗೆ ಮದುವೆ ನಿಶ್ಚಯವಾದಾಗ ಇಪ್ಪತ್ತು ಮಿನಾ ತಂದುಕೊಟ್ಟರೆ ಬಿಡುಗಡೆ ಎಂದರು. ಅವಳು ಹಳೆಯ ಪರಿಚಯದವರಿಂದ ಹಣ ಕೂಡಿಸಿ ಬಿಡುಗಡೆ ಪಡೆದಳು. ನೆರವಾದ ಫ್ರಿನಿಯನ್ ಎಂಬವನೇ ಹಿಂಸಿಸತೊಡಗಿದಾಗ ಮೆಗಾರಾಕ್ಕೆ ಓಡಿಹೋದಳು. ಕೊನೆಗೆ ಸ್ಟೆಫನಸನ ಜೊತೆ ಅಥೆನ್ಸಿನಲ್ಲಿ ಮನೆ ಮಾಡಿದಳು. ಪರದೇಶಿ ಹೆಣ್ಣು ಅಥೆನ್ಸಿನ ನಾಗರಿಕನ ಹೆಂಡತಿಯಂತೆ ಬಾಳಿದಳು ಎಂಬುದೇ ಅವಳ ಅಪರಾಧ. ಅದು ಸಾಬೀತಾದರೆ ಶಿಕ್ಷೆ, ಮತ್ತೆ ಗುಲಾಮಳಾಗಿ ಮಾರಾಟ.

ಇಡೀ ಭಾಷಣದಲ್ಲಿ ಅವಳ ಹೆಸರು ಮತ್ತೆ ಮತ್ತೆ ಬರುತ್ತದೆ. ಅವಳ ಮೈ, ಅವಳ ಬೆಲೆ, ಅವಳು ಕೂತ ಪಾನಗೋಷ್ಠಿಗಳು, ಎಲ್ಲವೂ ಬರುತ್ತವೆ. ಅವಳ ಮಾತು ಮಾತ್ರ ಒಂದೂ ಇಲ್ಲ, ಏಕೆಂದರೆ ಹೆಣ್ಣು ಆ ನ್ಯಾಯಸ್ಥಾನದ ಮುಂದೆ ವಾದ ಮಾಡುವಂತಿರಲಿಲ್ಲ. ತೀರ್ಪು ಏನಾಯಿತೆಂದು ತಿಳಿದು ಬಂದಿಲ್ಲ. ಈ ಭಾಷಣದಲ್ಲೇ ಅಪೊಲೊಡೊರಸ್ ಹೆಣ್ಣನ್ನು ಮೂರು ಪಾಲು ಮಾಡುತ್ತಾನೆ: ಸುಖಕ್ಕೆ ಒಬ್ಬಳು, ದಿನನಿತ್ಯದ ಮೈಯ ಆರೈಕೆಗೆ ಇಟ್ಟುಕೊಂಡವಳು ಒಬ್ಬಳು, ಸಕ್ರಮ ಮಕ್ಕಳಿಗೂ ಮನೆಯ ಕಾವಲಿಗೂ ಕಟ್ಟಿಕೊಂಡವಳು ಒಬ್ಬಳು. ಕೇಳುತ್ತಿದ್ದ ನೂರಾರು ನ್ಯಾಯದರ್ಶಿಗಳಿಗೆ ಇದನ್ನು ವಾದಿಸಿ ಒಪ್ಪಿಸಬೇಕಾದ ಅಗತ್ಯ ಅವನಿಗೆ ಕಾಣಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ನೆನಪಿಸುವ ಧಾಟಿಯಲ್ಲಿ ಹೇಳಿದ.

ಅಥೆನ್ಸಿನ ಹೆಣ್ಣಿನ ಬಗೆಗಿನ ನಿಲುವು ನಿಜವಾಗಿ ಇರುವುದು ಈ ಪಾಲು ಮಾಡುವಿಕೆಯಲ್ಲಿ. ದ್ವೇಷ, ಗೌರವ ಎಂಬ ಭಾವನೆಯ ಮಾತುಗಳು ಇದನ್ನು ಹಿಡಿಯಲಾರವು. ಹೆಂಡತಿಯನ್ನು ಮನೆಯೊಳಗಿಟ್ಟು ಅವಳ ಹೆಸರನ್ನೂ ಕಾಪಾಡಿದ್ದು, ಹೊರಗಿನವಳ ಹೆಸರನ್ನು ಬೀದಿಗೆ ಹರಡಿದ್ದು, ಇವು ಒಂದೇ ಏರ್ಪಾಡಿನ ಎರಡು ತುದಿಗಳು. ಅಥೆನ್ಸ್ ವೇಶ್ಯೆಯರಿಂದ ತೆರಿಗೆ ವಸೂಲಿ ಮಾಡುತ್ತಿತ್ತು. ಕೊಳಲು, ವೀಣೆ ನುಡಿಸುವ ಬಾಡಿಗೆಯ ಹೆಣ್ಣುಗಳಿಗೆ ಎರಡು ದ್ರಾಕ್ಮಾಗಿಂತ ಹೆಚ್ಚು ಕೂಲಿ ಸಿಗದಂತೆ ನೋಡಿಕೊಳ್ಳಲು ನಗರಾಧಿಕಾರಿಗಳನ್ನು ನೇಮಿಸಿತ್ತು. ಇವರಿಂದ ಬಂದ ಹಣ ಬೊಕ್ಕಸಕ್ಕೆ ಬೇಕಾಗಿತ್ತು, ಇವರ ಹೊಟ್ಟೆಯಲ್ಲಿ ಹುಟ್ಟಿದ ಮಗು ನಾಗರಿಕರ ಪಟ್ಟಿಗೆ ಬೇಕಾಗಿರಲಿಲ್ಲ.

ಈ ಪಟ್ಟಿಯ ಕಠೋರತೆಯನ್ನು ಪೆರಿಕ್ಲಿಸನೇ ಅನುಭವಿಸಿದ. ತಂದೆತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗು ನಾಗರಿಕ ಎಂಬ ಕಾನೂನನ್ನು ಕ್ರಿ.ಪೂ. 451ರಲ್ಲಿ ತಂದವನು ಅವನೇ. ಮುಂದೆ ಅವನು ಮಿಲೆಟಸಿನಿಂದ ಬಂದ ಆಸ್ಪೇಸಿಯಾಳೊಡನೆ ಬಾಳಿದ. ಸಾಕ್ರೆಟಿಸನ ಬಳಗದವರೂ ಅವಳ ಜಾಣ್ಮೆಯನ್ನು ನೆನೆದಿದ್ದಾರೆ. ಹಾಸ್ಯನಾಟಕಕಾರರು ಅವಳನ್ನು ಸೂಳೆ ಎಂದು ಜರೆದರು. ಅವರಿಬ್ಬರ ಮಗ ಪೆರಿಕ್ಲಿಸನ ಕಾನೂನಿನಂತೆಯೇ ನಾಗರಿಕನಲ್ಲ. ಪ್ಲೇಗಿನಲ್ಲಿ ಸಕ್ರಮ ಮಕ್ಕಳಿಬ್ಬರೂ ತೀರಿಕೊಂಡ ಮೇಲೆ ಆ ಮುದುಕ ತನ್ನ ಊರಿನ ಮುಂದೆ ಬೇಡಿಕೊಂಡು ಈ ಮಗನಿಗೆ ವಿನಾಯಿತಿ ಪಡೆಯಬೇಕಾಯಿತು. ದೊಡ್ಡವನ ಮಗನಿಗೆ ವಿನಾಯಿತಿ ಸಿಕ್ಕಿತು. ನಿಯೇರಾಳಂಥವರ ಮಕ್ಕಳಿಗಾಗಿ ಬೇಡಲು ಯಾರೂ ಇರಲಿಲ್ಲ.

ಆ ಕಾಲವನ್ನು ಇಂದಿನ ಕಣ್ಣಿನಿಂದ ಅಳೆಯುವುದು ನ್ಯಾಯವೇ ಎಂಬ ಆಕ್ಷೇಪಣೆ ಇಲ್ಲಿ ಬರುತ್ತದೆ. ಗಂಭೀರ ಆಕ್ಷೇಪಣೆಯೇ ಹೌದು. ಆದರೆ ಆ ಕಾಲಕ್ಕೇ ಬೇರೆ ಕಣ್ಣುಗಳಿದ್ದವು. ಕ್ರೀಟಿನ ಗೋರ್ಟಿನ್ ಊರಿನ ಕಲ್ಲಿನಲ್ಲಿ ಕೆತ್ತಿದ ಕಾನೂನು ಹೆಣ್ಣಿನ ಆಸ್ತಿಯನ್ನು ಅವಳದೆಂದೇ ಮಾನ್ಯ ಮಾಡಿತ್ತು. ಸ್ಪಾರ್ಟಾದ ಭೂಮಿಯಲ್ಲಿ ಐದರಲ್ಲಿ ಎರಡು ಪಾಲು ಹೆಂಗಸರ ಕೈಯಲ್ಲಿದೆ ಎಂದು ಅರಿಸ್ಟಾಟಲ್ ದೂರಿದ್ದಾನೆ. ಆದರ್ಶ ರಾಜ್ಯದ ಕಾವಲುಗಾರರಲ್ಲಿ ಹೆಂಗಸರೂ ಇರಬೇಕು, ಅವರಿಗೂ ಅದೇ ಶಿಕ್ಷಣ ಸಿಗಬೇಕು ಎಂದು ಪ್ಲೇಟೊ ತನ್ನ ‘ರಿಪಬ್ಲಿಕ್’ನ ಐದನೆಯ ಭಾಗದಲ್ಲಿ ವಾದಿಸಿದ. ಗಂಡಿನ ಸದ್ಗುಣವೂ ಹೆಣ್ಣಿನ ಸದ್ಗುಣವೂ ಒಂದೇ ಎಂಬ ಸಾಕ್ರೆಟಿಸನ ನಿಲುವನ್ನು ಅರಿಸ್ಟಾಟಲ್ ಹೆಸರಿಸಿಯೇ ತಳ್ಳಿಹಾಕುತ್ತಾನೆ. ತಳ್ಳಿಹಾಕಬೇಕಾಯಿತು ಎಂದರೆ ಎದುರಿಗೆ ಇನ್ನೊಂದು ವಾದ ಜೀವಂತವಾಗಿತ್ತು. ದಾರಿ ಕಾಣದೆ ತಪ್ಪಿದ ಸಮಾಜ ಅದಲ್ಲ. ಎದುರಿಗಿದ್ದ ದಾರಿಗಳಲ್ಲಿ ಒಂದನ್ನು ಆರಿಸಿಕೊಂಡ ಸಮಾಜ.

ಅರಿಸ್ಟಾಟಲ್ ತನ್ನ ವಾದಕ್ಕೆ ಆಧಾರವಾಗಿ ಎತ್ತಿಕೊಂಡದ್ದು ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದ ಒಂದು ಸಾಲನ್ನು. ಮೌನವೇ ಹೆಣ್ಣಿಗೆ ಒಡವೆ ಎಂಬುದು ಅದರ ಅರ್ಥ. ಇದು ನಾಟಕದಲ್ಲಿ ಯಾವಾಗ ಬರುತ್ತದೆ ಎಂದು ನೋಡಬೇಕು. ಯಾರೂ ಕರೆಯದೆ, ಯಾವ ಕಹಳೆಯೂ ಮೊಳಗದೆ, ನಡುರಾತ್ರಿ ಆಯುಧ ಹಿಡಿದು ಹೊರಟ ಏಜಾಕ್ಸನನ್ನು ಅವನು ಯುದ್ಧದಲ್ಲಿ ಸೆರೆತಂದ ಟೆಕ್ಮೆಸ್ಸಾ ತಡೆದು ಕೇಳುತ್ತಾಳೆ. ಆಗ ಅವನು ಆ ಹಳೆಯ ಗಾದೆಯನ್ನು ಅವಳ ಮುಖಕ್ಕೆ ಎಸೆದು ಹೊರಟುಹೋಗುತ್ತಾನೆ. ಸೇನಾಪತಿಗಳನ್ನು ಕೊಲ್ಲಲು ಹೋದವನು ಭ್ರಮೆ ಹಿಡಿದು ದನಕುರಿಗಳನ್ನು ಕಡಿದು, ಬೆಳಗ್ಗೆ ಅವಮಾನ ತಾಳಲಾರದೆ ಪ್ರಾಣ ಕಳೆದುಕೊಳ್ಳುತ್ತಾನೆ. ಅವಳ ಪ್ರಶ್ನೆಗೆ ನಿಂತಿದ್ದರೆ ಅವನು ಉಳಿಯುತ್ತಿದ್ದ. ಸೊಫೊಕ್ಲಿಸ್ ತೋರಿಸಿದ್ದು ಹೆಣ್ಣಿನ ಬಾಯಿ ಮುಚ್ಚಿಸಿದವನ ದುರಂತವನ್ನು. ತತ್ತ್ವಜ್ಞಾನಿ ಆ ನಾಟಕದಿಂದ ಆಯ್ದುಕೊಂಡದ್ದು ಬಾಯಿ ಮುಚ್ಚಿಸಿದ ಮಾತನ್ನು.

ಈ ನಾಟಕ ಕನ್ನಡಿಗರಿಗೆ ಹೊಸದಲ್ಲ. ಬಿ.ಎಂ.ಶ್ರೀಯವರು 1929ರಲ್ಲಿ ಪ್ರಕಟಿಸಿದ ‘ಅಶ್ವತ್ಥಾಮನ್’ಗೆ ಮೂಲ ಇದೇ. ಮುಂದೆ ಪಿ. ಲಂಕೇಶರು ಈಡಿಪಸ್ ಮತ್ತು ಅಂತಿಗೊನೆಯರನ್ನು ಕನ್ನಡಕ್ಕೆ ತಂದರು. ಗ್ರೀಕ್ ರುದ್ರನಾಟಕದ ಎತ್ತರವನ್ನು ನಮ್ಮ ಹಿರಿಯರು ಇಷ್ಟು ಶ್ರದ್ಧೆಯಿಂದ ನಮಗೆ ಕಾಣಿಸಿದ್ದಾರೆ. ಅದಕ್ಕೆ ಕೃತಜ್ಞತೆ ಇದ್ದೇ ಇದೆ. ನನ್ನ ಕೋರಿಕೆ ಇಷ್ಟೆ: ಅಂತಿಗೊನೆಯನ್ನು ಓದಿಸುವ ತರಗತಿಯಲ್ಲಿ ನಿಯೇರಾಳ ಮೊಕದ್ದಮೆಯೂ ಓದಾಗಬೇಕು. ಸಾಹಿತ್ಯ ತನ್ನ ಕಾಲಕ್ಕೆ ಹಾಕಿದ ಪ್ರಶ್ನೆ ಒಂದರಲ್ಲಿದೆ, ಆ ಕಾಲ ಆ ಪ್ರಶ್ನೆಯನ್ನು ಏನು ಮಾಡಿತು ಎಂಬುದು ಇನ್ನೊಂದರಲ್ಲಿದೆ.

ಈಗ ಗ್ರಾಂಟ್ ರೋಡಿಗೆ ಬರೋಣ. 1870ರ ದಶಕದಲ್ಲಿ ಪಾರಸಿ ರಂಗಭೂಮಿಯಲ್ಲಿ ಒಂದು ಜಗಳ ಎದ್ದಿತು. ವಿಕ್ಟೋರಿಯಾ ನಾಟಕ ಮಂಡಳಿಯ ದಾದಿ ಪಟೇಲ್ ಹೆಂಗಸರನ್ನೇ ರಂಗಕ್ಕೆ ತಂದರು. ಆ ಮಂಡಳಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಕೈಖುಶ್ರೂ ಕಾಬ್ರಾಜಿ ಇದನ್ನು ವಿರೋಧಿಸಿದರು. ಕಾಬ್ರಾಜಿ ಪತ್ರಿಕಾಸಂಪಾದಕರು, ಹೆಣ್ಣುಮಕ್ಕಳ ಓದಿನ ಪರವಾಗಿದ್ದ ಸುಧಾರಕರು. ಅಂಥವರ ಮನಸ್ಸಿನಲ್ಲೂ ಮನೆಯ ಹೆಣ್ಣು, ಬೀದಿಯ ಹೆಣ್ಣು ಎಂಬ ಗೆರೆ ಅಳಿದಿರಲಿಲ್ಲ. ರಂಗಕ್ಕೆ ಬರುವವಳು ಎರಡನೆಯ ಪಾಲಿನವಳೇ ಆಗಿರುತ್ತಾಳೆ ಎಂಬ ಅಂಜಿಕೆಯಿಂದ ಸೀತೆ, ಶಕುಂತಲೆಯರು ಬಹುಕಾಲ ಗಂಡಸರ ಮೈಮೇಲೆಯೇ ಉಳಿದರು. ರಂಗದ ಮೇಲೆ ಹೆಣ್ಣು ಪವಿತ್ರವಾಗಿ ಉಳಿಯಲು ನಿಜವಾದ ಹೆಣ್ಣು ಅಲ್ಲಿ ಇರಬಾರದು ಎಂಬ ತರ್ಕ ಅಥೆನ್ಸಿಗೂ ನಮಗೂ ಸಮಾನ.

ರಂಗದ ಹೊರಗೆ ಬ್ರಿಟಿಷ್ ಸರ್ಕಾರ ತನ್ನ ಪಟ್ಟಿ ತಯಾರಿಸುತ್ತಿತ್ತು. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಮುಂಬಯಿಯಲ್ಲಿ 1870ರಲ್ಲಿ ಜಾರಿಗೆ ಬಂತು. ಸೈನಿಕರನ್ನೂ ನಾವಿಕರನ್ನೂ ಗುಹ್ಯರೋಗದಿಂದ ಕಾಪಾಡುವುದು ಅದರ ಗುರಿ. ಅದಕ್ಕಾಗಿ ಹೆಂಗಸರು ಹೆಸರು ನೋಂದಾಯಿಸಬೇಕು, ಬಲವಂತದ ವೈದ್ಯಕೀಯ ತಪಾಸಣೆಗೆ ಒಳಗಾಗಬೇಕು. ಅವರ ಬಳಿಗೆ ಹೋದ ಗಂಡಸಿಗೆ ನೋಂದಣಿಯೂ ಇಲ್ಲ, ತಪಾಸಣೆಯೂ ಇಲ್ಲ. ಎರಡು ವರ್ಷದಲ್ಲಿ ನಿಂತು, 1880ರಲ್ಲಿ ಮತ್ತೆ ಶುರುವಾಗಿ, 1888ರಲ್ಲಿ ಆ ಕಾಯಿದೆ ರದ್ದಾಯಿತು. ಅಥೆನ್ಸಿನ ತೆರಿಗೆ ಅಧಿಕಾರಿಯೂ ಮುಂಬಯಿಯ ತಪಾಸಣೆಯ ವೈದ್ಯನೂ ಮಾಡಿದ್ದು ಒಂದೇ ಕೆಲಸ: ಹೆಣ್ಣನ್ನು ಎಣಿಸಿದರು, ಕೇಳಲಿಲ್ಲ.

ಆ ಗಲ್ಲಿಗಳಿಗೂ ನಮ್ಮ ನಾಡಿಗೂ ನೇರ ಸಂಬಂಧವಿದೆ. ಅದನ್ನು ಮುಚ್ಚಿಟ್ಟು ಗ್ರೀಕರ ಬಗ್ಗೆ ಮಾತಾಡುವುದು ಕನ್ನಡದ ಲೇಖಕನಿಗೆ ಸಲ್ಲದು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಕಾಮಾಟಿಪುರದ, ಫಾಕ್‌ಲೆಂಡ್ ರೋಡಿನ ಪಿಂಜರಾಗಳಿಗೆ, ಅಂದರೆ ಕಂಬಿ ಹಾಕಿದ ಕೋಣೆಗಳಿಗೆ, ಹೋದದ್ದು ಎಲ್ಲರೂ ಬಲ್ಲ ಸತ್ಯ. ಬಹುಪಾಲು ದಲಿತ ಕುಟುಂಬಗಳ, ಹೊಲವಿಲ್ಲದ ಮನೆಗಳ ಮಕ್ಕಳು. ದೇವರಿಗೆ ಬಿಟ್ಟವಳಿಗೆ ಮದುವೆ ಇಲ್ಲ. ಮದುವೆ ಇಲ್ಲದವಳ ಮೈಯ ಮೇಲೆ ಊರ ಬಲವಂತರಿಗೆ ಹಕ್ಕು. ಬರ, ಸಾಲ, ದಲ್ಲಾಳಿ ಸೇರಿದರೆ ಮುಂಬಯಿಯ ಗಾಡಿ. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ದೇವದಾಸಿ ರಕ್ಷಣಾ ಕಾಯಿದೆ ಬಂದಿತ್ತು. ಕರ್ನಾಟಕ 1982ರಲ್ಲಿ ನಿಷೇಧದ ಕಾನೂನು ಮಾಡಿತು. ಆಮೇಲೆಯೂ ರಾಜ್ಯ ಸರ್ಕಾರ 1993-94ರಲ್ಲಿ, ಮತ್ತೆ 2007-08ರಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಗುರುತಿಸಿದ ದೇವದಾಸಿಯರ ಸಂಖ್ಯೆ ಒಟ್ಟು 46,660.

ಇಲ್ಲಿ ಒಂದು ಎಚ್ಚರ ಬೇಕು. ದೇವದಾಸಿ ಪದ್ಧತಿಯನ್ನು ಗ್ರೀಸಿನ ದೇವಾಲಯ ವೇಶ್ಯಾವೃತ್ತಿಯ ಜೊತೆ ಹೋಲಿಸುವುದು ವಸಾಹತು ಕಾಲದ ಬರಹಗಾರರಿಗೆ ಬಲು ಪ್ರಿಯವಾಗಿತ್ತು. ಕೊರಿಂಥದ ಅಫ್ರೊಡೈಟಿಯ ಗುಡಿಯಲ್ಲಿ ಸಾವಿರಕ್ಕೂ ಮಿಕ್ಕಿ ಅಂಥ ಹೆಣ್ಣುಗಳಿದ್ದರು ಎಂದು ಸ್ಟ್ರಾಬೊ ಬರೆದದ್ದೇ ಅದಕ್ಕೆ ಆಧಾರ. ಆದರೆ ಸ್ಟ್ರಾಬೊ ಹೇಳುತ್ತಿದ್ದುದು ತನಗಿಂತ ಬಹಳ ಹಿಂದಿನ ಕಾಲದ ಮಾತು. ಸ್ಟೆಫನಿ ಬುಡಿನ್‌ರಂಥ ಇಂದಿನ ವಿದ್ವಾಂಸರು ಅಂಥ ಪದ್ಧತಿ ಪ್ರಾಚೀನ ಜಗತ್ತಿನಲ್ಲಿ ಇತ್ತೆಂಬುದನ್ನೇ ಅಲ್ಲಗಳೆದಿದ್ದಾರೆ. ನಮ್ಮಲ್ಲಿಯೂ ಗುಡಿಯ ಉಂಬಳಿ ಪಡೆದು ಸಂಗೀತ, ನೃತ್ಯ, ಕಾವ್ಯ ಬಲ್ಲವಳಾಗಿ ಬಾಳಿದ ದೇವದಾಸಿಯ ಇತಿಹಾಸ ಬೇರೆ, ಹಸಿವಿಗೆ ಮುತ್ತು ಕಟ್ಟಿಸಿಕೊಂಡ ದಲಿತ ಬಾಲಕಿಯ ಪಾಡು ಬೇರೆ. ಇವನ್ನೆಲ್ಲ ಒಂದೇ ಹೆಸರಿನ ಕೆಳಗೆ ತುರುಕಿದರೆ ಸತ್ಯ ಕೈತಪ್ಪುತ್ತದೆ. ಅಥೆನ್ಸನ್ನೂ ಸವದತ್ತಿ-ಗ್ರಾಂಟ್ ರೋಡ್ ದಾರಿಯನ್ನೂ ಕೂಡಿಸುವುದು ದೇವರಲ್ಲ, ಗುಡಿಯಲ್ಲ. ಹೆಣ್ಣನ್ನು ಪಾಲು ಮಾಡಿ, ಒಂದು ಪಾಲಿಗೆ ಮಾತನ್ನೂ ಮಕ್ಕಳ ಹಕ್ಕನ್ನೂ ನಿರಾಕರಿಸಿದ ಕ್ರಮ.

ಆದರೂ ನಮ್ಮ ನಾಡಿನ ಕಥೆ ಒಂದು ಜಾಗದಲ್ಲಿ ಅಥೆನ್ಸಿಗಿಂತ ಬೇರೆಯಾಗುತ್ತದೆ, ಮತ್ತು ನನ್ನ ಭರವಸೆ ನಿಂತಿರುವುದು ಅಲ್ಲಿಯೇ. ಹನ್ನೆರಡನೆಯ ಶತಮಾನದ ಶರಣರ ಗುಂಪಿನಲ್ಲಿ ಸೂಳೆ ಸಂಕವ್ವೆ ಇದ್ದಳು. ಅವಳ ಒಂದೇ ಒಂದು ವಚನ ಉಳಿದಿದೆ. ತನ್ನ ಕಸುಬಿನ ನೇಮವನ್ನೇ, ಒಬ್ಬನಿಂದ ಒತ್ತೆ ಹಿಡಿದು ಇನ್ನೊಬ್ಬನಿಗೆ ಒಲಿಯದ ನಿಷ್ಠೆಯನ್ನೇ, ಅವಳು ಭಕ್ತಿಯ ಅಳತೆಗೋಲಾಗಿ ಎತ್ತಿಹಿಡಿದಳು. ತನ್ನ ಬಾಳಿನ ಪದಗಳನ್ನು ಬಿಟ್ಟು ಬೇರೆಯವರ ಪದಗಳಿಗೆ ಅವಳು ಕೈಚಾಚಲಿಲ್ಲ. ಅಥೆನ್ಸಿನ ಅಷ್ಟೂ ಬರಹಗಳಲ್ಲಿ ನಿಯೇರಾಳಂಥವಳು ತನ್ನ ಬಗ್ಗೆ ತಾನು ಹೇಳಿದ ಇಂಥ ಒಂದು ಸಾಲೂ ನಮಗೆ ಸಿಗುವುದಿಲ್ಲ. ಗ್ರೀಸಿನ ಮಹಾಕವಯಿತ್ರಿ ಸ್ಯಾಫೋಳ ಕಾವ್ಯ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಒಂಬತ್ತು ಸಂಪುಟಗಳಷ್ಟಿತ್ತು. ಇಂದು ಇಡಿಯಾಗಿ ಉಳಿದಿರುವುದು ಒಂದು ಕವಿತೆ, ಮಿಕ್ಕದ್ದೆಲ್ಲ ಚೂರು. ಹೆಣ್ಣಿನ ಮಾತು ಹುಟ್ಟಿದರೆ ಸಾಲದು, ಅದನ್ನು ಉಳಿಸಿಕೊಳ್ಳುವ ಕೈಗಳೂ ಬೇಕು.

ಅಂಥ ಕೈ ಬೆಂಗಳೂರು ನಾಗರತ್ನಮ್ಮನವರದು. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿ ದೊಡ್ಡ ಗಾಯಕಿಯಾದ ಅವರು, ಹದಿನೆಂಟನೆಯ ಶತಮಾನದ ತಂಜಾವೂರಿನ ಗಣಿಕೆ ಮುದ್ದುಪಳನಿ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಓದಿದರು. ಹಿಂದಿನ ಮುದ್ರಣದಲ್ಲಿ ಕೆಲವು ಪದ್ಯಗಳನ್ನೂ ಕವಯಿತ್ರಿಯ ಪರಿಚಯವನ್ನೂ ಬಿಟ್ಟದ್ದನ್ನು ಕಂಡು, ಹಸ್ತಪ್ರತಿ ಹುಡುಕಿಸಿ 1910ರಲ್ಲಿ ಪೂರ್ಣಪಾಠವನ್ನು ಅಚ್ಚು ಮಾಡಿಸಿದರು. ದೇವದಾಸಿಯರ ವಿರುದ್ಧ ಚಳವಳಿ ನಡೆಸಿದ ಸುಧಾರಕ ಕಂದುಕೂರಿ ವೀರೇಶಲಿಂಗಂ ಈ ಕಾವ್ಯವನ್ನು ಅಶ್ಲೀಲವೆಂದು ನಿಂದಿಸಿದ್ದರು. ಗಂಡಸರು ಬರೆದ ಶೃಂಗಾರಕ್ಕೆ ಇಲ್ಲದ ಸಂಕೋಚ ಹೆಣ್ಣು ಬರೆದಾಗ ಎಲ್ಲಿಂದ ಬರುತ್ತದೆ ಎಂದು ನಾಗರತ್ನಮ್ಮ ಕೇಳಿದರು. ಸರ್ಕಾರ 1911ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ನಿಷೇಧ ತೆರವಾದದ್ದು 1947ರಲ್ಲಿ. ಸುಧಾರಣೆಯ ಹೆಸರಿನಲ್ಲೂ ಹೆಣ್ಣಿನ ಬಾಯಿ ಮುಚ್ಚಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಗ್ರಾಂಟ್ ರೋಡಿನ ಗಲ್ಲಿಗಳ ಬಗ್ಗೆಯೂ ದೊಡ್ಡ ಕೃತಿಗಳು ಬಂದಿವೆ. 1972ರ ‘ಗೋಲ್‌ಪೀಠಾ’ ಸಂಕಲನದಲ್ಲಿ ನಾಮದೇವ ಢಸಾಳರು ಮರಾಠಿ ಕಾವ್ಯದ ಸಭ್ಯತೆಯನ್ನು ಒಡೆದು ಆ ಲೋಕವನ್ನು ಒಳತಂದರು. 1981ರಲ್ಲಿ ಮೇರಿ ಎಲೆನ್ ಮಾರ್ಕ್ ಅವರ ಫಾಕ್‌ಲೆಂಡ್ ರೋಡ್ ಚಿತ್ರಗಳು ಪುಸ್ತಕವಾದವು. ಕನ್ನಡದಲ್ಲಿ ಶಿವರಾಮ ಕಾರಂತರು ‘ಮೈಮನಗಳ ಸುಳಿಯಲ್ಲಿ’ ಕಾದಂಬರಿಯಲ್ಲಿ ಮಂಜುಳೆಯ ಬಾಳನ್ನು ಘನತೆಯಿಂದ ಚಿತ್ರಿಸಿದರು. ಇವೆಲ್ಲ ಯೂರಿಪಿಡಿಸನ ಸಾಲಿಗೆ ಸೇರುವ ಧೈರ್ಯದ ಕೆಲಸಗಳು. ಕಣ್ಣು ತೆರೆಸುವ ಶಕ್ತಿ ಅವಕ್ಕಿದೆ. ಆದರೆ ಮೀಡಿಯಾಳ ಮಾತು ಕೇಳಿ ಅಥೆನ್ಸಿನ ಒಂದು ಕಾನೂನೂ ಬದಲಾಗಲಿಲ್ಲ ಎಂಬುದನ್ನು ನೆನಪಿಡಬೇಕು. ನಮ್ಮಲ್ಲಿ ಬದಲಾವಣೆ ಬಂದದ್ದು ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಸಂಘ ಕಟ್ಟಿ ಎದ್ದು ನಿಂತಾಗ. ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ‘ಮಾಸ್’, ಮುತ್ತು ಕಟ್ಟುವುದನ್ನು ಹಳ್ಳಿ ಹಳ್ಳಿಗೆ ಹೋಗಿ ತಡೆಯಿತು. ಬಾಲ್ಯದಲ್ಲೇ ದೇವದಾಸಿಯಾಗಿದ್ದ, ಮುಂದೆ ಆ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ವೇದಿಕೆಯಲ್ಲಿ ಹೇಳುವುದು ತಮ್ಮದೇ ಕಥೆ, ತಮ್ಮದೇ ಹೆಸರಿನಲ್ಲಿ.

ಕಾನೂನೂ ನಿಧಾನವಾಗಿ ಆ ಕಡೆ ತಿರುಗುತ್ತಿದೆ. 2022ರ ಮೇ ತಿಂಗಳಲ್ಲಿ ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು ಲೈಂಗಿಕ ಕಾರ್ಯಕರ್ತೆಯರನ್ನು ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕೆಂದವು. ತಾಯಿ ಈ ಕಸುಬಿನಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅವಳಿಂದ ಬೇರ್ಪಡಿಸಬಾರದೆಂದವು. ವಿಳಾಸದ ದಾಖಲೆ ಇಲ್ಲದಿದ್ದರೂ ಅವರಿಗೆ ಆಧಾರ್ ಕಾರ್ಡ್ ಸಿಗುವಂತೆ ದಾರಿ ಮಾಡಿದವು. ದೇವದಾಸಿಯರ ಮಕ್ಕಳು ಶಾಲೆ, ಕಚೇರಿಗಳ ಅರ್ಜಿಯಲ್ಲಿ ತಂದೆಯ ಹೆಸರಿನ ಖಾಲಿ ಜಾಗದ ಮುಂದೆ ತಲೆತಗ್ಗಿಸಿದ್ದು ತಲೆಮಾರುಗಳ ನೋವು. ಆ ಹೆಸರು ಕಡ್ಡಾಯವಲ್ಲ ಎನ್ನುವ, ತಂದೆಯನ್ನು ಗುರುತಿಸಿ ಹಕ್ಕು ಕೇಳಲು ಅವಕಾಶ ಕೊಡುವ ಮಸೂದೆಯನ್ನು 2025ರಲ್ಲಿ ಕರ್ನಾಟಕ ವಿಧಾನಸಭೆ ಅಂಗೀಕರಿಸಿತು. ಪೆರಿಕ್ಲಿಸನ ಪಟ್ಟಿಯಿಂದ ಹೊರಗುಳಿದವರಿಗೆ ಸಿಗದ ಬಾಗಿಲು ಇದು. ಮಗುವಿನ ಹಕ್ಕು ತಾಯಿಯ ಪಾಲನ್ನು ನೋಡಿ ನಿರ್ಧಾರವಾಗಬಾರದು ಎಂಬ ತತ್ತ್ವ ಇದರ ಹಿಂದಿದೆ.

ಇನ್ನು ಮುಂದಿನ ಪರೀಕ್ಷೆ ಗ್ರಾಂಟ್ ರೋಡಿನ ನೆರೆಯಲ್ಲೇ ನಡೆಯಲಿದೆ. ಕಾಮಾಟಿಪುರದ ಹಳೆಯ, ಕುಸಿಯುವ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯನ್ನು ಮಹಾರಾಷ್ಟ್ರದ ವಸತಿ ಪ್ರಾಧಿಕಾರವಾದ ಮ್ಹಾಡಾ ಕೈಗೆತ್ತಿಕೊಂಡಿದೆ. ಇಂಥ ಯೋಜನೆಗಳಲ್ಲಿ ಪರಿಹಾರ ಸಿಗುವುದು ಮಾಲೀಕನಿಗೆ ಮತ್ತು ಕಾಗದ ಇರುವ ಬಾಡಿಗೆದಾರನಿಗೆ. ಘರ್ವಾಲಿಯ ಕೋಣೆಯಲ್ಲಿ ದಿನದ ಬಾಡಿಗೆ ತೆತ್ತು ಬದುಕು ಸವೆಸಿದ, ಈಗ ವಯಸ್ಸಾದ, ಊರಿಗೂ ಮರಳಲಾಗದ ಕನ್ನಡದ, ತೆಲುಗಿನ, ಬಂಗಾಳದ ಹೆಂಗಸಿನ ಕೈಯಲ್ಲಿ ಯಾವ ಕಾಗದವಿದೆ? ಬಾರ್ಲಿಯ ಒಂದು ಅಳತೆಗೆ ಹೆಣ್ಣಿನ ವ್ಯವಹಾರವನ್ನು ಕಟ್ಟಿಹಾಕಿದ ಅಥೆನ್ಸ್ ಅನಾಗರಿಕವೆಂದು ನಾವು ಹೇಳುವುದಾದರೆ, ಈ ಹೆಂಗಸರ ನೆಲೆಯನ್ನು ಲೆಕ್ಕಕ್ಕೇ ತಾರದ ಯೋಜನೆಯನ್ನು ಏನೆಂದು ಕರೆಯಬೇಕು? ಸಮೀಕ್ಷೆ ಮಾಡುವ ಅಧಿಕಾರಿ ಅವರನ್ನು ಎಣಿಸಿದರೆ ಸಾಲದು, ಅವರ ಹೇಳಿಕೆಯನ್ನು ಸಾಕ್ಷ್ಯವಾಗಿ ಬರೆದುಕೊಳ್ಳಬೇಕು. ಇಷ್ಟು ವರ್ಷ ಇಲ್ಲಿ ಬಾಳಿದೆ ಎಂದು ಅವಳು ಹೇಳುವ ಮಾತಿಗೆ ಬಾಡಿಗೆ ರಸೀದಿಯಷ್ಟು ತೂಕ ಸಿಗಬೇಕು. ಮುಂಬಯಿಯ ಕನ್ನಡ ಸಂಘಗಳು, ಬೆಳಗಾವಿಯ ಜನಪ್ರತಿನಿಧಿಗಳು ಈ ಬೇಡಿಕೆಯನ್ನು ತಮ್ಮದೆಂದು ಎತ್ತಿಕೊಳ್ಳಬೇಕು. ಆ ಹೆಂಗಸರಲ್ಲಿ ಅನೇಕರು ನಮ್ಮ ಹಳ್ಳಿಗಳಿಂದ ಹೋದವರು, ನಮ್ಮ ಭಾಷೆಯಲ್ಲೇ ಎಲ್ಲಮ್ಮನ ಹಾಡು ಹಾಡುವವರು.

ಅಂತಿಗೊನೆ ದೊಡ್ಡವಳು. ಅವಳನ್ನು ಸೃಷ್ಟಿಸಿದ ಕವಿಯೂ ದೊಡ್ಡವನು. ಆದರೆ ಅವಳ ಧೈರ್ಯವನ್ನು ಮೆಚ್ಚುವುದಕ್ಕೆ ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಅಥೆನ್ಸಿನ ಗಂಡಸರೂ ಮೆಚ್ಚಿದರು, ಮೆಚ್ಚಿ ಮನೆಗೆ ಹೋದರು. ನಿಯೇರಾಳ ಮಾತಿಗೆ ಸಾಕ್ಷ್ಯದ ಬೆಲೆ ಕೊಡುವುದೆಂದರೆ ಆಸ್ತಿಯನ್ನು, ನಾಗರಿಕತ್ವವನ್ನು, ಮನೆತನದ ಹೆಸರನ್ನು ಹಂಚಿಕೊಳ್ಳುವುದು. ಅದಕ್ಕೇ ಅಥೆನ್ಸ್ ಅದನ್ನು ಮಾಡಲಿಲ್ಲ. ನಾವು ಮಾಡಬಲ್ಲೆವು, ಕಾನೂನಿನ ದಾರಿ ತೆರೆಯುತ್ತಿದೆ, ಸೀತವ್ವನಂಥವರು ಆಗಲೇ ಮಾತಾಡುತ್ತಿದ್ದಾರೆ. ಹೆಣ್ಣಿನ ಬಗ್ಗೆ ನಮ್ಮ ನಿಲುವು ಏನೆಂದು ನಾಳೆಯವರು ತಿಳಿಯುವುದು ನಾವು ಬರೆದ ಕಾದಂಬರಿಗಳಿಂದ ಅಲ್ಲ, ಕಾಮಾಟಿಪುರದ ಆ ಸಮೀಕ್ಷೆಯ ಪಟ್ಟಿಯಿಂದ.